ಎರಡು ಸಿನಿಮಾ ಹೋಲಿಸಿ ಬರೆಯೋದು ಹೇಗೆ? ನಿಮ್ಮ ಅನುಭವ ಹೇಳಿ

ಮೈಸೂರಿನ ಪದವಿ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಎರಡು ಸಿನಿಮಾ ತಗೊಂಡು, ಅವುಗಳ ಒಳಗಿನ ಆಶಯ ಹೋಲಿಸಿ ಎಂಟು ಪುಟ ಬರೆಯಬೇಕು. ‘ಸಂಸ್ಕಾರ’ (1970) ಮತ್ತು ‘ತಿಥಿ’ (2015) ಆರಿಸಿಕೊಂಡಿದ್ದೇನೆ. ಎರಡರಲ್ಲೂ ಶುರುವಿಗೇ ಒಬ್ಬರು ಸಾಯುತ್ತಾರೆ. ಆಮೇಲಿನ ಕಥೆಯೆಲ್ಲ ಆ ಸಾವಿನ ಕಾರ್ಯದ ಸುತ್ತಲೇ ನಡೆಯುತ್ತದೆ. ಜೋಡಿ ಸರಿಯಾಗಿದೆ ಅನ್ನಿಸುತ್ತೆ. ಆದರೆ ಬರೆಯಲು ಕೂತರೆ ಒಂದರ ಕಥೆ ಮುಗಿದು ಇನ್ನೊಂದರ ಕಥೆ ಶುರುವಾಗುತ್ತೆ, ಹೋಲಿಕೆ ಬರ್ತಾನೇ ಇಲ್ಲ. ಹೀಗೆ ಸಿನಿಮಾ ನೋಡಿ ಬರೆದವರು, ಮಾತಾಡಿದವರು ಯಾರಾದರೂ ಇದ್ದರೆ ನೀವು ಹೇಗೆ ಮಾಡ್ತೀರ ಅಂತ ಹೇಳಿ.

ಮಂಡ್ಯದ ನಿವೃತ್ತ ಕನ್ನಡ ಮೇಷ್ಟ್ರು:

ತಾಯಿ, ಜೋಡಿ ಚೆನ್ನಾಗಿದೆ. ‘ಸಾವು’ ಅನ್ನೋ ಒಂದೇ ಮಾತಿನಲ್ಲಿ ಆಶಯ ಹೇಳಲು ಹೋದರೆ ಮಾತ್ರ ಕೆಲಸ ಕೆಡುತ್ತದೆ. ಸಾವು, ಪ್ರೀತಿ, ಬಡತನ ಅಂದುಬಿಟ್ಟರೆ ಲೋಕದ ಅರ್ಧ ಸಿನಿಮಾಗಳು ಒಂದೇ ತರ ಕಾಣುತ್ತವೆ. ಅದನ್ನು ಒಂದು ಪ್ರಶ್ನೆ ಮಾಡಿಕೋ. ನಾನು ಕಾಲೇಜಿನಲ್ಲಿ ಹುಡುಗರಿಗೆ ಸಿನಿಮಾ ತೋರಿಸಿ ಮಾತಾಡಿಸುತ್ತಿದ್ದಾಗ ಈ ಎರಡಕ್ಕೆ ಇಟ್ಟುಕೊಂಡಿದ್ದ ಪ್ರಶ್ನೆ ಇದು: ಸತ್ತವನು ಬದುಕಿರುವವರಿಗೆ ಏನು ಕೆಲಸ ಬಿಟ್ಟುಹೋದ? ಅದು ಯಾರ ತಲೆಗೆ ಬಂತು, ಯಾರು ಜಾರಿಕೊಂಡರು?

ಈಗ ನೋಡು. ‘ಸಂಸ್ಕಾರ’ದಲ್ಲಿ ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತ. ಬ್ರಾಹ್ಮಣ್ಯ ಬಿಟ್ಟು ಬದುಕಿದವನು. ಅವನ ಹೆಣ ಸುಡುವ ಅಧಿಕಾರ ಯಾರಿಗೆ ಅಂತ ಯಾರಿಗೂ ಗೊತ್ತಿಲ್ಲ. ಅಗ್ರಹಾರದ ದೊಡ್ಡ ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥ ನೋಡುತ್ತಾರೆ, ಉತ್ತರ ಸಿಗಲ್ಲ. ಮಾರುತಿಯ ಗುಡಿಗೆ ಹೋಗಿ ಕೂರುತ್ತಾರೆ, ಅಲ್ಲೂ ಇಲ್ಲ. ‘ತಿಥಿ’ಯಲ್ಲಿ ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತ. ಇಲ್ಲಿ ಯಾರು ಏನು ಮಾಡಬೇಕು ಅಂತ ಊರಿಗೆಲ್ಲ ಗೊತ್ತು. ಹಿರೇಮಗ ಗಡ್ಡಪ್ಪ ಮುಂದೆ ನಿಂತು ಎಲ್ಲ ನಡೆಸಬೇಕು. ಆ ಮನುಷ್ಯನಿಗೆ ಮಾತ್ರ ಏನೂ ಬೇಕಾಗಿಲ್ಲ. ಬಗಲಲ್ಲಿ ಬಾಟಲಿ ಇಟ್ಟುಕೊಂಡು ಹೊಲದ ಬದುವಿನ ಮೇಲೆ ಹೋಗುತ್ತಿರುತ್ತಾನೆ. ಅಲ್ಲಿ ಮಾಡಬೇಕು ಅನ್ನುವವರಿಗೆ ದಾರಿ ಕಾಣದು, ಇಲ್ಲಿ ದಾರಿ ಇದೆ, ನಡೆಯಬೇಕಾದವನು ಬೇರೆ ಕಡೆ ನಡೆದುಕೊಂಡು ಹೋಗುತ್ತಿದ್ದಾನೆ.

ಇಷ್ಟನ್ನೇ ಬರೆದರೆ ತೂಕ ಬರಲ್ಲ. ಎರಡೂ ಸಿನಿಮಾದಲ್ಲಿ ಇರುವ ಒಂದು ಸಣ್ಣ ವಸ್ತು ಹಿಡಿದು ಕೊನೇವರೆಗೆ ಹಿಂಬಾಲಿಸು. ನಾನಾದರೆ ಊಟ ಹಿಡಿಯುತ್ತಿದ್ದೆ. ‘ಸಂಸ್ಕಾರ’ದಲ್ಲಿ ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹೊತ್ತು ಹೋದ ಹಾಗೆ ಹಸಿವು ಏರುತ್ತದೆ, ಮಾತಿನ ಧಾಟಿಯೂ ಬದಲಾಗುತ್ತದೆ. ಮೊದಲು ನಾರಣಪ್ಪನ ನೆಂಟರಿಬ್ಬರೂ ‘ಅದು ನಿನ್ನ ಕರ್ತವ್ಯ’ ಅಂತ ಒಬ್ಬರ ಮೇಲೊಬ್ಬರು ಹಾಕುತ್ತಿರುತ್ತಾರೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿ ಖರ್ಚಿಗೆ ಅಂತ ಇಟ್ಟ ಮೇಲೆ ಇಬ್ಬರಿಗೂ ಆ ಕರ್ತವ್ಯದ ಮೇಲೆ ಕಣ್ಣು! ‘ತಿಥಿ’ಯಲ್ಲಿ ಹನ್ನೊಂದನೇ ದಿನಕ್ಕೆ ಊರಿಗೆಲ್ಲ ಬಾಡೂಟ ಹಾಕಬೇಕು. ಮೊಮ್ಮಗ ತಮ್ಮಣ್ಣನ ತಲೆ ತುಂಬ ಅದೇ. ಕುರಿ ಎಷ್ಟು, ದುಡ್ಡು ಎಲ್ಲಿಂದ, ಕಡಿಮೆಯಾದರೆ ಊರೋರು ಏನಂದಾರು. ಒಂದು ಊರಲ್ಲಿ ಹೆಣ ಊಟ ತಡೆಯುತ್ತದೆ, ಇನ್ನೊಂದು ಊರಲ್ಲಿ ಹೆಣವೇ ಊಟ ಹಾಕಿಸುತ್ತದೆ.

ಊಟದ ಹಿಂದೆ ಹೋದರೆ ಊರಿನ ಭಯ ಸಿಗುತ್ತದೆ. ಅಗ್ರಹಾರದವರಿಗೆ ಜಾತಿ ಕೆಡುತ್ತದೆ ಅನ್ನೋ ಭಯ. ಮಂಡ್ಯದ ಹಳ್ಳಿಯವರಿಗೆ ಆಡಿಕೊಳ್ಳುತ್ತಾರೆ ಅನ್ನೋ ಭಯ. ಸತ್ತವನಿಗಾಗಿ ಅಳುವವರು ಎರಡು ಕಡೆಯೂ ಕಡಿಮೆ. ನಿನ್ನ ಎಂಟು ಪುಟ ಇಲ್ಲೇ ಇದೆ.

ಶ್ರೀರಂಗಪಟ್ಟಣ ಕಡೆಯ ರೈತ:

ಮೇಷ್ಟ್ರು ಊಟ ಹಿಡಿದರು, ನಾನು ಪಹಣಿ ಹಿಡಿಯುತ್ತೇನೆ. ‘ತಿಥಿ’ ನೋಡಿ ಸಾವಿನ ಸಿನಿಮಾ ಅಂತೀರಲ್ಲ, ನಮ್ಮ ಕಡೆಯವರಿಗೆ ಅದು ಜಮೀನಿನ ಸಿನಿಮಾ. ಜಮೀನು ತಾತನ ಹೆಸರಲ್ಲಿದೆ. ತಾತ ಸತ್ತರೆ ಮಗನಿಗೆ ಬರಬೇಕು. ಮಗನಿಗೆ ಬೇಡ. ಮೊಮ್ಮಗ ಅದನ್ನು ಮಾರಬೇಕು ಅಂತಿದ್ದಾನೆ, ಅದೂ ಬೇಗ. ಅದಕ್ಕೇ ತಮ್ಮಣ್ಣ ಬದುಕಿರೋ ಅಪ್ಪನಿಗೆ ಮರಣ ಪತ್ರ ಮಾಡಿಸಲು ಓಡಾಡುತ್ತಾನೆ. ಹೊರಗಿನವರು ಇದನ್ನು ನೋಡಿ ಬಿದ್ದು ಬಿದ್ದು ನಗುತ್ತಾರೆ. ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು, ಅಲೆದವರು ಅಷ್ಟೊಂದು ನಗಲ್ಲ ಬಿಡಿ. ಸತ್ತು ಎಷ್ಟೋ ವರ್ಷ ಆದವರ ಹೆಸರಲ್ಲೇ ಪಹಣಿ ಇರುವ ಮನೆಗಳು ನಮ್ಮ ಹೋಬಳಿಯಲ್ಲಿ ಬೇಕಾದಷ್ಟಿವೆ. ನಾಡಕಚೇರಿಯಿಂದ ವಂಶವೃಕ್ಷ ಬೇಕು, ಅಕ್ಕತಂಗಿಯರ ಸಹಿ ಬೇಕು, ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ಬರಬೇಕು. ನಮ್ಮ ಮನೆಯದೇ ಇನ್ನೂ ಮುಗಿದಿಲ್ಲ.

ನಾನು ಕೇಳಿದರೆ ‘ತಿಥಿ’ ಪಕ್ಕಕ್ಕೆ ‘ಬಂಗಾರದ ಮನುಷ್ಯ’ (1972) ಇಡಬೇಕು. ಇಬ್ಬರು ನಿರ್ದೇಶಕರೂ ಮಣ್ಣಿನ ಬಗ್ಗೆಯೇ ಸಿನಿಮಾ ಮಾಡಿದ್ದಾರೆ. ಸಿದ್ದಲಿಂಗಯ್ಯನವರ ಸಿನಿಮಾದಲ್ಲಿ ರಾಜೀವ ಕಲ್ಲು ಬಂಡೆಯ ಜಾಗ ಒಡೆದು ಬೆಳೆ ತೆಗೆಯುತ್ತಾನೆ. ಕೊನೆಗೆ ಅವನು ಸಾಕಿದ ಮನೆಯಲ್ಲೇ ಅವನನ್ನು ಪ್ರಶ್ನೆ ಮಾಡುತ್ತಾರೆ. ಊಟಕ್ಕೆ ಕೂತವನು ಎದ್ದು ನಡೆದು ಹೋಗಿಬಿಡುತ್ತಾನೆ. ಗಡ್ಡಪ್ಪನೂ ಮನೆ ಬಿಟ್ಟು ನಡೆಯುವವನೇ. ರಾಜೀವ ಬೆವರು ಸುರಿಸಿ, ಎಲ್ಲ ಕೊಟ್ಟು, ಮನಸ್ಸು ಮುರಿದು ಹೋದ. ಗಡ್ಡಪ್ಪ ಮೊದಲಿಂದಲೂ ಏನನ್ನೂ ಹಿಡಿದುಕೊಳ್ಳಲೇ ಇಲ್ಲ. ರಾಜೀವ ಹೋಗುವಾಗ ಸಿನಿಮಾ ಅವನಿಗೆ ಕೈ ಮುಗಿಯುತ್ತದೆ. ಗಡ್ಡಪ್ಪನಿಗೆ ಕೈಯನ್ನೂ ಮುಗಿಯಲ್ಲ, ಬೈಯುವುದೂ ಇಲ್ಲ. ನಮ್ಮಪ್ಪ ‘ಬಂಗಾರದ ಮನುಷ್ಯ’ ಟಿವಿಯಲ್ಲಿ ಬಂದಾಗಲೆಲ್ಲ ನೋಡುತ್ತಾರೆ, ಕೊನೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ‘ತಿಥಿ’ ನೋಡಿ ಗಡ್ಡಪ್ಪನ ಬಗ್ಗೆ ಅಂದಿದ್ದು, ‘ಇವನು ಸುಖವಾಗಿದ್ದಾನೆ ಕಣಪ್ಪ, ಬೇಜವಾಬ್ದಾರಿ ನನ್ಮಗ.’ ಎರಡನ್ನೂ ಒಂದೇ ಉಸಿರಿನಲ್ಲಿ ಅಂದರು. ಬೈದರೋ ಹೊಗಳಿದರೋ ನನಗೆ ಇನ್ನೂ ಗೊತ್ತಾಗಿಲ್ಲ.

ಮೈಸೂರಿನ ಹವ್ಯಾಸಿ ರಂಗಕರ್ಮಿ:

ಕಥೆಯನ್ನಷ್ಟೇ ಹೋಲಿಸಬೇಡಿ. ಯಾರು ನಟಿಸಿದ್ದಾರೆ ಅನ್ನೋದೂ ಆಶಯದ ಒಳಗೇ ಬರುತ್ತದೆ. ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯ ಆಗಿದ್ದು ಗಿರೀಶ ಕಾರ್ನಾಡರು, ನಾರಣಪ್ಪ ಆಗಿದ್ದು ಪಿ. ಲಂಕೇಶರು. ಕಾದಂಬರಿ ಅನಂತಮೂರ್ತಿಯವರದು, 1965ರದ್ದು, ಇಂಗ್ಲೆಂಡಿನಲ್ಲಿದ್ದಾಗ ಬರೆದದ್ದು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ. ಕ್ಯಾಮೆರಾ ಹಿಡಿದಿದ್ದು ಆಸ್ಟ್ರೇಲಿಯಾದ ಟಾಮ್ ಕೋವನ್. ಅಂದರೆ ಅಗ್ರಹಾರದ ಒಳಗನ್ನು ಹೊರಗೆ ನಿಂತವರು ತಿರುಗಿ ನೋಡಿದ ಸಿನಿಮಾ. ಅದರಲ್ಲಿ ಒಂದು ಜಗಳದ ಬಿಸಿ ಇದೆ. ಪ್ರತಿ ಮಾತೂ ವಾದದ ಹಾಗೆ ಕೇಳುತ್ತದೆ.

‘ತಿಥಿ’ಯನ್ನು ರಾಮ್ ರೆಡ್ಡಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದರು, ಜೊತೆಗೆ ಬರೆದವರು ಈರೇಗೌಡರು. ನಟಿಸಿದ್ದು ಸುತ್ತಮುತ್ತಲ ಊರಿನವರೇ, ಮೊದಲು ಬಣ್ಣ ಹಚ್ಚಿದವರಲ್ಲ. ಗಡ್ಡಪ್ಪ ನಡೆಯುವುದನ್ನು ನೋಡಿ. ಆ ನಡಿಗೆಯನ್ನು ನಾನು ನಮ್ಮ ತಂಡದ ಹುಡುಗರಿಗೆ ಹೇಳಿಕೊಡಲು ನೋಡಿದ್ದೇನೆ. ಬರಲ್ಲ. ಕೈ ಎಲ್ಲಿ ಇಡಬೇಕು ಅಂತ ಅವರು ಯೋಚನೆ ಮಾಡುತ್ತಾರೆ, ಅಷ್ಟರಲ್ಲೇ ಹೋಯಿತು. ಈ ಸಿನಿಮಾ ಯಾರ ಜೊತೆಗೂ ವಾದಕ್ಕೆ ಇಳಿಯುವುದಿಲ್ಲ. ‘ಸಂಸ್ಕಾರ’ ತನ್ನ ಜನರನ್ನು ವಿಚಾರಣೆ ಮಾಡುತ್ತದೆ, ‘ತಿಥಿ’ ತನ್ನ ಜನರ ಜೊತೆ ಜಗಲಿ ಮೇಲೆ ಕೂತಿರುತ್ತದೆ. ಒಂದರಲ್ಲಿ ನಗು ಯಾಕೆ ಬರುವುದಿಲ್ಲ, ಇನ್ನೊಂದರಲ್ಲಿ ಯಾಕೆ ನಿಲ್ಲುವುದಿಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ. ಎರಡಕ್ಕೂ ಮನ್ನಣೆ ಸಿಕ್ಕಿದೆ, ‘ಸಂಸ್ಕಾರ’ಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ, ‘ತಿಥಿ’ಗೆ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿನ್ನದ ಚಿರತೆ. ಆದರೆ ಅದರಿಂದ ಹೋಲಿಕೆ ಹುಟ್ಟಲ್ಲ. ಪ್ರಶಸ್ತಿಗೆ ಒಂದು ಸಾಲು ಸಾಕು.

ಮಂಡ್ಯದ ನಿವೃತ್ತ ಕನ್ನಡ ಮೇಷ್ಟ್ರು:

ನಟರ ವಿಷಯ ಒಪ್ಪಿದೆ. ಅದಕ್ಕೆ ಒಂದು ಪ್ಯಾರಾ ಕೊಡಲಿ, ಜಾಸ್ತಿ ಬೇಡ. ಕ್ಯಾಮೆರಾ ಹಿಡಿದವರ ಪಾಸ್‌ಪೋರ್ಟ್ ನೋಡಿಕೊಂಡು ಕೂತರೆ ಸಿನಿಮಾ ನೋಡುವುದು ಮರೆತುಹೋಗುತ್ತದೆ.

ಕೃಷ್ಣಮೂರ್ತಿಪುರಂ ಗೃಹಿಣಿ:

ನಾನು ಬರೆಯುವವಳಲ್ಲ, ನೋಡುವವಳು. ಮಧ್ಯಾಹ್ನ ಎಲ್ಲ ಕೆಲಸ ಮುಗಿದ ಮೇಲೆ ಒಬ್ಬಳೇ ಕೂತು ಹಳೇ ಸಿನಿಮಾ ನೋಡುತ್ತೇನೆ. ಈ ಎರಡಕ್ಕೆ ‘ಘಟಶ್ರಾದ್ಧ’ (1977) ಸೇರಿಸಿ ನೋಡಮ್ಮ. ನಿರ್ದೇಶಕ ಗಿರೀಶ ಕಾಸರವಳ್ಳಿಯವರ ಮೊದಲ ದೊಡ್ಡ ಚಿತ್ರ, ಕಥೆ ಅನಂತಮೂರ್ತಿಯವರದೇ. ನಮ್ಮ ರಂಗಾಯಣ ಕಟ್ಟಿದ ಬಿ.ವಿ. ಕಾರಂತರೇ ಸಂಗೀತ ಕೊಟ್ಟಿದ್ದಾರೆ.

ಅದರಲ್ಲಿ ಯಮುನಕ್ಕ ವಿಧವೆ. ಬಸುರಾಗುತ್ತಾಳೆ. ಹೆತ್ತ ಅಪ್ಪನೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ, ಮಡಕೆ ಒಡೆದು, ಮನೆಯಿಂದ ಹೊರಗೆ ಹಾಕುತ್ತಾರೆ. ಇದನ್ನೆಲ್ಲ ವೇದ ಕಲಿಯಲು ಬಂದ ಚಿಕ್ಕ ಹುಡುಗ ನಾಣಿಯ ಕಣ್ಣಿಂದ ತೋರಿಸುತ್ತಾರೆ. ಅವನಿಗೆ ಅರ್ಧ ಅರ್ಥ ಆಗುತ್ತೆ, ಅರ್ಧ ಆಗಲ್ಲ. ಯಮುನಕ್ಕ ತನಗೆ ಒಳ್ಳೆಯವಳು ಅನ್ನೋದಷ್ಟೇ ಅವನಿಗೆ ಗೊತ್ತು.

ಈಗ ಮೂರನ್ನೂ ಸಾಲಾಗಿ ಇಡಿ. ‘ಸಂಸ್ಕಾರ’ದಲ್ಲಿ ಹೆಣ ಇದೆ, ಕ್ರಿಯೆ ಇಲ್ಲ. ‘ತಿಥಿ’ಯಲ್ಲಿ ಕ್ರಿಯೆ ಇದೆ, ದುಃಖ ಇಲ್ಲ. ‘ಘಟಶ್ರಾದ್ಧ’ದಲ್ಲಿ ಕ್ರಿಯೆಯೂ ಇದೆ, ದುಃಖವೂ ಇದೆ, ಸತ್ತವರು ಮಾತ್ರ ಇಲ್ಲ. ಗಂಡಸು ನಾರಣಪ್ಪ ಬದುಕಿದ್ದಾಗ ಮಾಡಬಾರದ್ದೆಲ್ಲ ಮಾಡಿದ. ಅವನನ್ನು ಜಾತಿಯಿಂದ ಹೊರಗೆ ಹಾಕಲು ಯಾರಿಗೂ ಕೈ ಬರಲಿಲ್ಲ. ಯಮುನೆಗೆ ಅಷ್ಟು ಸಾವಕಾಶ ಸಿಗಲಿಲ್ಲ ನೋಡಿ. ನನಗಂತೂ ಈ ವ್ಯತ್ಯಾಸ ನೋಡಿದ ಮೇಲೆ ‘ಸಂಸ್ಕಾರ’ ಮೊದಲಿನ ಹಾಗೆ ಕಾಣಲಿಲ್ಲ. ಆಚಾರ್ಯರ ಸಂಕಟ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಅವರಿಗೆ ಊರು ಬಿಟ್ಟು ನಡೆದು ಹೋಗಲು, ಜಾತ್ರೆಯಲ್ಲಿ ಅಲೆಯಲು, ಯೋಚನೆ ಮಾಡಲು ದಾರಿ ಇತ್ತು. ಈ ಹುಡುಗಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತಿರಬೇಕು.

ಮಂಡ್ಯದ ನಿವೃತ್ತ ಕನ್ನಡ ಮೇಷ್ಟ್ರು:

ಅಮ್ಮಾ, ನಿಮ್ಮ ಮಾತು ನೂರಕ್ಕೆ ನೂರು ನಿಜ. ಆದರೂ ಈ ಹುಡುಗಿಗೆ ಮೂರನೇ ಸಿನಿಮಾ ಬೇಡ ಅಂತೀನಿ. ಎಂಟು ಪುಟದಲ್ಲಿ ಮೂರು ಅಂದರೆ ಮತ್ತೆ ಕಥೆ ಹೇಳುವುದಕ್ಕೇ ಜಾಗ ಹೋಗುತ್ತದೆ.

ಕೃಷ್ಣಮೂರ್ತಿಪುರಂ ಗೃಹಿಣಿ:

ಹಾಗಾದರೆ ‘ತಿಥಿ’ ಬಿಟ್ಟು ‘ಘಟಶ್ರಾದ್ಧ’ ತಗೊಳ್ಳಲಿ ಮೇಷ್ಟ್ರೇ. ಒಬ್ಬರೇ ಲೇಖಕರು, ಒಂದೇ ಮಲೆನಾಡು, ಒಂದೇ ಪದ್ಧತಿ. ಒಂದರಲ್ಲಿ ಗಂಡಸು, ಇನ್ನೊಂದರಲ್ಲಿ ಹೆಂಗಸು.

ವಿದ್ಯಾರ್ಥಿನಿ:

ಆಂಟಿ, ಮೂರು ಸಾಲಿನಲ್ಲಿ ನೀವು ಹೇಳಿದ್ದು ಓದಿ ಮೈ ಜುಂ ಅಂತು. ಆದರೆ ‘ತಿಥಿ’ ಬಿಡಲು ಮನಸ್ಸು ಬರ್ತಿಲ್ಲ, ನಮ್ಮಜ್ಜಿ ಊರು ಪಾಂಡವಪುರ ಕಡೆ. ಆ ಭಾಷೆ ಕೇಳಿದರೇ ಖುಷಿ. ಇನ್ನೊಂದು ಅನುಮಾನ: ನನ್ನ ಸ್ನೇಹಿತ ಕನ್ನಡದ್ದೊಂದು, ಹೊರದೇಶದ್ದೊಂದು ತಗೊಳ್ಳಬೇಕು ಅಂತಿದ್ದಾನೆ. ಅದು ಆಗುತ್ತಾ? ಎರಡು ಕಡೆಯ ಬದುಕೇ ಬೇರೆ ಅಲ್ವಾ?

ಮೈಸೂರಿನ ಸರ್ಕಾರಿ ಕಚೇರಿ ನೌಕರ:

ಆಗುತ್ತೆ, ಚೆನ್ನಾಗೇ ಆಗುತ್ತೆ. ನಿಮ್ಮ ಸ್ನೇಹಿತನಿಗೆ ‘ತಬರನ ಕಥೆ’ ಮತ್ತು ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಇಕಿರು’ (1952) ನೋಡಲು ಹೇಳಿ. ನಾನು ಕೆಲಸ ಮಾಡುವುದು ಫೈಲುಗಳ ಮಧ್ಯೆ, ಅದಕ್ಕೇ ಇವೆರಡೂ ನನಗೆ ಬಹಳ ಹತ್ತಿರ.

‘ಇಕಿರು’ ಜಪಾನಿನ ನಗರಸಭೆಯ ಕಥೆ. ವಟನಾಬೆ ಅಂತ ಒಬ್ಬ ಅಧಿಕಾರಿ. ವರ್ಷಗಟ್ಟಲೆ ಮುದ್ರೆ ಒತ್ತಿಕೊಂಡು ಕೂತವನು. ಶುರುವಿನಲ್ಲೇ ಒಂದು ಭಾಗ ಬರುತ್ತದೆ. ಬಡ ಹೆಂಗಸರು ಬಂದು, ನಮ್ಮ ಕೇರಿಯಲ್ಲಿ ಕೊಳಚೆ ನಿಂತಿದೆ, ತೆಗೆಸಿ ಅನ್ನುತ್ತಾರೆ. ಆ ವಿಭಾಗಕ್ಕೆ ಹೋಗಿ ಅಂತಾರೆ. ಅಲ್ಲಿಂದ ಇನ್ನೊಂದು, ಅಲ್ಲಿಂದ ಮತ್ತೊಂದು. ಎಲ್ಲ ಟೇಬಲ್ ಸುತ್ತಿ ಕೊನೆಗೆ ಮೊದಲು ಬಂದ ಟೇಬಲ್ಲಿಗೇ ಬರುತ್ತಾರೆ. ಇದು ಜಪಾನು ಅಂತ ನನಗೆ ನೆನಪೇ ಇರಲಿಲ್ಲ. ಆಮೇಲೆ ಅವನಿಗೆ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾಗುತ್ತದೆ. ಸಾಯುವ ಮೊದಲು ಅದೇ ಜಾಗದಲ್ಲಿ ಮಕ್ಕಳಿಗೆ ಪಾರ್ಕ್ ಮಾಡಿಸುತ್ತಾನೆ.

‘ತಬರನ ಕಥೆ’ ತೇಜಸ್ವಿಯವರ ಕಥೆ, ಕಾಸರವಳ್ಳಿಯವರ ಸಿನಿಮಾ, ತಬರನಾಗಿ ಚಾರುಹಾಸನ್. ಪಿಂಚಣಿಗೆ ಅಲೆಯುವ ಬಡ ನೌಕರ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಆಸ್ಪತ್ರೆಗೆ ದುಡ್ಡಿಲ್ಲದೆ ಅವಳ ಕಾಲು ಕತ್ತರಿಸಿಕೊಡು ಅಂತ ಕಸಾಯಿಯವನ ಹತ್ತಿರ ಹೋಗಿ ಕೇಳುತ್ತಾನೆ. ಅದಾದ ಮೇಲೆ ನಾನು ಸಿನಿಮಾ ನಿಲ್ಲಿಸಿ ಹೊರಗೆ ಹೋಗಿ ಬಂದೆ.

ಎರಡೂ ಕಚೇರಿಯ ಸಿನಿಮಾ ಅಂತ ಬರೆದರೆ ಯಾರೂ ಓದಲ್ಲ. ಕ್ಯಾಮೆರಾ ಕೌಂಟರಿನ ಯಾವ ಕಡೆ ಇದೆ ನೋಡಿ. ಕುರೊಸಾವಾ ಕುರ್ಚಿಯ ಹಿಂದೆ ನಿಂತು ನೋಡುತ್ತಾರೆ, ಆ ಕುರ್ಚಿಯಲ್ಲಿ ಕೂತವನಿಗೂ ಒಂದು ಜೀವ ಇದೆ, ಅವನು ಮನಸ್ಸು ಮಾಡಿದರೆ ಒಂದು ಕೆಲಸ ಆಗುತ್ತದೆ ಅಂತ. ಕಾಸರವಳ್ಳಿಯವರು ಕೌಂಟರಿನ ಈಚೆ ನಿಲ್ಲುತ್ತಾರೆ. ಇಲ್ಲಿಂದ ಆಚೆಯವರ ಮುಖವೇ ಸರಿಯಾಗಿ ಕಾಣಲ್ಲ. ದುಷ್ಟರು ಅಂತ ಯಾರೂ ಇಲ್ಲ, ಎಲ್ಲರೂ ರೂಲ್ಸ್ ಹೇಳುವವರೇ. ತಬರನೂ ಸರ್ಕಾರದ ಮನುಷ್ಯನೇ ಆಗಿದ್ದವನು, ಅದೇ ಸರ್ಕಾರವನ್ನು ನಂಬಿ ಊರಿಗೆಲ್ಲ ಹೇಳಿಕೊಂಡು ತಿರುಗಿದವನು. ನಾನು ಕೂರುವುದು ಆಚೆ ಕಡೆ. ನನ್ನ ಸ್ವಂತ ಕೆಲಸಕ್ಕೆ ಬೇರೆ ಕಚೇರಿಗೆ ಹೋದರೆ ಈಚೆ ಕಡೆ. ಎರಡೂ ಸಿನಿಮಾ ನನಗೆ ನಿಜ ಅನ್ನಿಸುತ್ತದೆ.

ಇನ್ನೊಂದು ವಿಷಯ, ಇದು ನಿಮಗೇ ಉಪಯೋಗ ಆಗಬಹುದು. ‘ಇಕಿರು’ದಲ್ಲಿ ನಾಯಕ ಮಧ್ಯದಲ್ಲೇ ಸತ್ತುಹೋಗುತ್ತಾನೆ. ಆಮೇಲೆ ಬಹಳ ಹೊತ್ತು ಅವನ ಸಾವಿನ ಮನೆಯಲ್ಲೇ ನಡೆಯುತ್ತದೆ. ಜೊತೆಯವರು ಕೂತು ಕುಡಿಯುತ್ತ ಮಾತಾಡುತ್ತಾರೆ. ಅಮಲು ಏರಿದಂತೆ ನಾವೂ ಅವನ ಹಾಗೆ ಕೆಲಸ ಮಾಡೋಣ ಅಂತ ಅತ್ತು ಕರೆದು ಆಣೆ ಮಾಡುತ್ತಾರೆ. ಮಾರನೇ ದಿನ ಕಚೇರಿಯಲ್ಲಿ ಮತ್ತೆ ಅದೇ: ಆ ಟೇಬಲ್ಲಿಗೆ ಹೋಗಿ. ಸಾವಿನ ಮನೆಯಲ್ಲಿ ಕುಡಿದು ಮಾತಾಡುವುದಕ್ಕೆ ಜಪಾನು, ಮಂಡ್ಯ ಅಂತ ಭೇದ ಇಲ್ಲ ಬಿಡಿ.

ಶ್ರೀರಂಗಪಟ್ಟಣ ಕಡೆಯ ರೈತ:

ಸಾರ್, ಆಚೆ ಕಡೆ ಕೂರುವವರು ನೀವೇ ಅಂತ ಗೊತ್ತಾಯಿತು. ನಮ್ಮ ಪೌತಿ ಖಾತೆ ಸ್ವಲ್ಪ ನೋಡಿ.

ಮೈಸೂರಿನ ಸರ್ಕಾರಿ ಕಚೇರಿ ನೌಕರ:

ಅದು ನಮ್ಮ ವಿಭಾಗ ಅಲ್ಲ.

ಮೈಸೂರಿನ ಹವ್ಯಾಸಿ ರಂಗಕರ್ಮಿ:

ಇದಕ್ಕಿಂತ ಚೆನ್ನಾಗಿ ‘ಇಕಿರು’ ಯಾರೂ ವಿವರಿಸಲು ಸಾಧ್ಯವಿಲ್ಲ!

ವಿದ್ಯಾರ್ಥಿನಿ, ನೋಡುವ ಕ್ರಮದ ಬಗ್ಗೆ ಒಂದು ಮಾತು. ಮೊದಲ ಸಲ ಸುಮ್ನೆ ನೋಡಿ, ಪೆನ್ನು ಕೈಲಿ ಬೇಡ. ಎರಡನೇ ಸಲ ಪೂರ್ತಿ ನೋಡುವುದೂ ಬೇಡ. ಎರಡರಿಂದಲೂ ಒಂದೇ ಬಗೆಯ ಭಾಗ ಆರಿಸಿ ಒಂದರ ಹಿಂದೊಂದು ಹಾಕಿ ನೋಡಿ. ಸತ್ತ ಸುದ್ದಿ ಊರಿಗೆ ಹೇಗೆ ಮುಟ್ಟುತ್ತದೆ? ‘ಸಂಸ್ಕಾರ’ದಲ್ಲಿ ಚಂದ್ರಿ ಬಂದು ಹೇಳುತ್ತಾಳೆ, ಕೇಳಿದವರು ಊಟದ ಎಲೆಯಿಂದ ಏಳಬೇಕಾಗುತ್ತದೆ. ‘ತಿಥಿ’ಯಲ್ಲಿ ಅಜ್ಜ ದಾರಿಹೋಕರನ್ನೆಲ್ಲ ಬೈಯುತ್ತ ಕೂತಿದ್ದವನು ಎದ್ದು ಹೋಗಿ ಬಿದ್ದೇಬಿಡುತ್ತಾನೆ. ಒಂದು ಕಡೆ ಸಾವು ಮನೆಯ ಬಾಗಿಲಿಗೆ ಬರುತ್ತದೆ, ಇನ್ನೊಂದು ಕಡೆ ಬೀದಿಯಲ್ಲೇ ಆಗಿಹೋಗುತ್ತದೆ. ಹೀಗೆ ಜೋಡಿ ಭಾಗಗಳು ಮೂರು ಸಿಕ್ಕರೆ ಸಾಕು.

ವಿದ್ಯಾರ್ಥಿನಿ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮೇಷ್ಟ್ರ ಊಟ, ರೈತರಣ್ಣನ ಪಹಣಿ, ಎರಡನ್ನೂ ಸೇರಿಸಿ ಶುರು ಮಾಡಿದ್ದೇನೆ. ಮೊದಲ ಪ್ಯಾರಾ ಹೀಗಿದೆ, ನೋಡಿ ಹೇಳಿ:

‘ಸಿನಿಮಾ ಸಮಾಜದ ಕನ್ನಡಿ. ನಾರಣಪ್ಪನ ಹೆಣ ಮನೆಯಲ್ಲಿ ಇರುವವರೆಗೆ ಅಗ್ರಹಾರದ ಒಲೆ ಹೊತ್ತುವುದಿಲ್ಲ. ಸೆಂಚುರಿ ಗೌಡನ ಹನ್ನೊಂದನೇ ದಿನಕ್ಕೆ ಊರಿನ ಅತಿ ದೊಡ್ಡ ಒಲೆ ಹೊತ್ತಬೇಕು. ಎರಡು ಊರಲ್ಲೂ ಜನ ಮಾತಾಡುವುದು ಸತ್ತವನ ಬಗ್ಗೆ, ಲೆಕ್ಕ ಹಾಕುವುದು ಅವನು ಬಿಟ್ಟುಹೋದದ್ದರ ಬಗ್ಗೆ. ಅಲ್ಲಿ ಬಂಗಾರ, ಇಲ್ಲಿ ಜಮೀನು. ಈ ಲೆಕ್ಕದಿಂದ ಹೊರಗೆ ನಿಂತವರು ಇಬ್ಬರೇ, ಪ್ರಾಣೇಶಾಚಾರ್ಯ ಮತ್ತು ಗಡ್ಡಪ್ಪ.’

ಮಂಡ್ಯದ ನಿವೃತ್ತ ಕನ್ನಡ ಮೇಷ್ಟ್ರು:

ಭೇಷ್. ಮೊದಲ ವಾಕ್ಯ ಹೊಡೆದುಹಾಕು, ‘ನಾರಣಪ್ಪನ ಹೆಣ’ದಿಂದಲೇ ಶುರುವಾಗಲಿ.

ಕೃಷ್ಣಮೂರ್ತಿಪುರಂ ಗೃಹಿಣಿ:

ಇಬ್ಬರೇ ಅಂದರೆ ಹೇಗಮ್ಮ? ಬಂಗಾರ ಬಿಚ್ಚಿಕೊಟ್ಟವಳು ಚಂದ್ರಿ, ಅವಳನ್ನು ಲೆಕ್ಕದ ಹೊರಗೆ ಇಡಲಿಲ್ಲವಲ್ಲ. ಅಷ್ಟು ಜನ ಶಾಸ್ತ್ರ ಮಾತಾಡಿಕೊಂಡು ಹಸಿದು ಕೂತಿರುವಾಗ, ರಾತ್ರೋರಾತ್ರಿ ಯಾರಿಗೂ ಹೇಳದೆ ಹೆಣಕ್ಕೆ ಬೆಂಕಿ ಕಾಣಿಸಿದ್ದು ಅವಳೇ. ಅದೂ ಜಾತಿಯ ಆಚೆಯವನೊಬ್ಬನ ಸಹಾಯದಿಂದ. ಎಲ್ಲರ ತಲೆ ತಿಂದ ಕೆಲಸ ಅವಳ ಕೈಯಲ್ಲಿ ಆಗಿಹೋಗಿದೆ, ಅಗ್ರಹಾರಕ್ಕೆ ಅದು ಗೊತ್ತೇ ಇಲ್ಲ. ಆಚಾರ್ಯರ ಜಾಗಕ್ಕೆ ಅವಳನ್ನು ತಂದು ಗಡ್ಡಪ್ಪನ ಪಕ್ಕ ನಿಲ್ಲಿಸಿ ನೋಡು.

ವಿದ್ಯಾರ್ಥಿನಿ:

ಅಯ್ಯೋ ಆಂಟಿ, ಹಾಗೆ ಮಾಡಿದರೆ ಎಂಟು ಪುಟವೂ ಮತ್ತೆ ಬರೆಯಬೇಕು.

ಕೃಷ್ಣಮೂರ್ತಿಪುರಂ ಗೃಹಿಣಿ:

ಬರಿ.